ಮೂರನೆಯ ಸಮ ಚಿಹ್ನೆ

ಅವನು ಬರೆದ ಸಾಲಿನಲ್ಲಿ ಒಂದು ಸಮ ಚಿಹ್ನೆ ಕಡಿಮೆಯಿತ್ತು. ಆಸ್ಪತ್ರೆಯಲ್ಲಿ ಲಿಫ್ಟಿಗೆ ಕಾಯುತ್ತಿದ್ದ ನನಗೆ ಇದು ತಿಳಿದದ್ದು ಮುಂದೆ ನಿಂತಿದ್ದ ಇಬ್ಬರ ಮಾತಿನಿಂದ. ಅವಳು ರಕ್ತಪರೀಕ್ಷೆಯ ಲ್ಯಾಬಿನವಳು. ಅವನು ಅವಳ ಮೈದುನ, ಲ್ಯಾಬಿನ ಫ್ರಿಜ್ಜು ಕಾಯುವ ಪ್ರೋಗ್ರಾಂ ಬರೆದವನು.

"ಶನಿವಾರ ಫ್ರಿಜ್ಜು ಕೆಟ್ಟಾಗ ನಿನ್ನ ಅಲಾರಾಂ ಯಾಕಯ್ಯಾ ಕೂಗ್ಲಿಲ್ಲ?"

"ದೋಷ ಸೊನ್ನೆ ಅಂತ ಬಂದ್ರೆ ಸುಮ್ನಿರು ಅಂತ ಬರ್ದಿದ್ದೆ, ಅತ್ತಿಗೆ."

"ಸೊನ್ನೆ ಬಂತಾ?"

"ಏನೂ ಬರ್ಲಿಲ್ಲ. ಸೆನ್ಸರೂ ಸತ್ತಿತ್ತು, ಖಾಲಿ ಬಂತು. ಎರಡು ಸಮ ಚಿಹ್ನೆ ಹಾಕಿದ್ರೆ ಜಾವಾಸ್ಕ್ರಿಪ್ಟು ಅನ್ನೋ ಈ ಪ್ರೋಗ್ರಾಂ ಭಾಷೆ ಖಾಲೀನೂ ಸೊನ್ನೆ ಮಾಡ್ಕೊಂಡು ಹೋಲಿಸುತ್ತೆ. ಮೂರು ಹಾಕಿದ್ರೆ ಖಾಲಿ ಬೇರೆ, ಸೊನ್ನೆ ಬೇರೆ. ನಾನು ಎರಡೇ ಹಾಕಿದ್ದೆ."

"ಅಂದ್ರೆ ಮೌನಂ ಸಮ್ಮತಿ ಲಕ್ಷಣಂ ಅಂತ ಕಂಪ್ಯೂಟರಿಗೂ ಹೇಳ್ಕೊಟ್ಟಿದ್ದೆ."

ಅವನು ಕಣ್ಣುಜ್ಜಿಕೊಂಡ.

"ಈಗ ಮೂರು ಹಾಕಿದೀನಿ."

"ದೊಡ್ಡ ಉಪಕಾರ ಆಯ್ತು. ಬೆಳಗ್ಗಿಂದ ಫೋನ್ ಮಾಡ್ತಿದೀನಿ, ಇನ್ನೊಂದ್ಸಲ ಬಂದು ರಕ್ತ ಕೊಡಿ ಅಂತ. ಎಲ್ರ ಹತ್ರಾನೂ ಬೈಸ್ಕೊಂಡೆ."

"ಬರ್ತಾರಲ್ವಾ ಆದ್ರೂ?"

"ಬರೋರು ಬರ್ತಾರೆ. ಒಂದು ಮನೇಲಿ ಮಗಳು ಫೋನ್ ತೆಗೆದ್ಲು. ಅಪ್ಪ ಭಾನುವಾರ ತೀರ್ಕೊಂಡ್ರು, ಏನ್ ಕಾಯಿಲೆ ಇತ್ತು ಅಂತ ರಿಪೋರ್ಟಾದ್ರೂ ಕೊಡಿ ಅಂದ್ಲು."

"ನೀವೇನಂದ್ರಿ?"

"ಏನಂತ ಹೇಳ್ಲಿ? ನೀನೇ ಹೇಳು."

ಲಿಫ್ಟ್ ಬಂತು. ಅವನು ಒಳಗೆ ಹೋದ. ಅವಳು ಹಿಂದೆ ಹೋಗಿ, ಮೇಲಿನವರು ಕೇಳಿದರೆ ಹೇಳಬೇಕಾದ ಲೆಕ್ಕವನ್ನು ಅವನಿಗೆ ಒಪ್ಪಿಸುತ್ತಿದ್ದಂತೆ ಬಾಗಿಲು ಮುಚ್ಚಿತು. ಕೆಟ್ಟುಹೋದ ರಕ್ತದ ಮಾದರಿಗಳು ಇನ್ನೂರ ಹದಿನಾರು. ಅದರಲ್ಲಿ ಮತ್ತೆ ಕೊಡಲು ಬದುಕಿಲ್ಲದವರದು ನಾಲ್ಕು.