ಯಾರ ‘ರೀ’?

ಮೂರು ತಿಂಗಳ ಹಿಂದೆ ನಮ್ಮ ಭಾವನ ಮನೆಯಲ್ಲಿ ಒಂದು ಗಂಭೀರ ಘಟನೆ ನಡೆಯಿತು. ಭಾವ ‘ಹೂಂ’ ಅಂದರು.

ಇದರ ತೂಕ ತಿಳಿಯಬೇಕಾದರೆ ಭಾವನನ್ನು ಬಲ್ಲವರಾಗಿರಬೇಕು. ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದವರು. ನನ್ನ ಅಕ್ಕನ ಜೊತೆ ಸಂಸಾರ ಮಾಡಿದ್ದೂ ಹೆಚ್ಚುಕಡಿಮೆ ಅಷ್ಟೇ ವರ್ಷ. ಅಷ್ಟೂ ಕಾಲ ಅಕ್ಕ ಅಡುಗೆಮನೆಯಿಂದ, “ರೀ... ಸಾಕು, ಊಟಕ್ಕೆ ಬನ್ನಿ” ಅಂತ ಕರೆದಳು. ಭಾವ ಒಂದು ಸಲವೂ ಓಗೊಟ್ಟವರಲ್ಲ. ಊಟಕ್ಕೆ ಬರುತ್ತಿದ್ದರು, ಅದು ಬೇರೆ ಮಾತು. ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಈಗ ಓಗೊಡಲು ಬೇಕಾದಷ್ಟು ಪುರುಸೊತ್ತಿದೆ. ಕರೆಯುವವರಿಲ್ಲ.

ಹೊತ್ತು ಹೋಗಬೇಕಲ್ಲ... ಭಾವ ಮನೆ ಹಿಂದಿನ ಶೆಡ್ಡಿಗೆ ಒಂದು ಹಳೇ ಸರ್ಫೇಸ್ ಗ್ರೈಂಡರ್ ಕೊಂಡರು. ಗ್ರೈಂಡರ್ ಬರುತ್ತದಂತೆ ಅಂತ ಕೇಳಿದ್ದೇ ತಡ, ಪಕ್ಕದ ಮನೆಯಾಕೆ ನೆನೆಸಿದ ಅಕ್ಕಿಯ ಪಾತ್ರೆ ಹಿಡಿದು ಬಂದರು. “ಇದು ಕಬ್ಬಿಣ ತೇಯೋದು ತಾಯಿ” ಅಂತ ನಾನೇ ಹೇಳಿ ಕಳಿಸಿದೆ. ಮೇಲೆ ಸಾಣೆಕಲ್ಲಿನ ಚಕ್ರ ತಿರುಗುತ್ತದೆ. ಕೆಳಗೆ ಮೇಜು ಆಚೆ ಈಚೆ ಓಡಾಡುತ್ತದೆ. ಮೇಜಿನ ಮೇಲಿಟ್ಟ ಕಬ್ಬಿಣ ಕನ್ನಡಿಯಷ್ಟು ಸಮವಾಗುತ್ತದೆ. ಅಷ್ಟೇ ಅದರ ಕೆಲಸ.

ಮಾರಿದವರು ಊರಾಚೆಯ ಒಬ್ಬ ಮೇಸ್ತ್ರಿ. ಭಾವನಿಗಿಂತ ಹತ್ತು ವರ್ಷ ದೊಡ್ಡವರು, ಕಣ್ಣು ಮಂಜು. ಯಾಕೆ ಮಾರುತ್ತಿದ್ದೀರಿ ಅಂತ ಕೇಳಿದ್ದಕ್ಕೆ, “ಒಬ್ಬನ ಕೈಲಿ ಆಗಲ್ಲ ಸ್ವಾಮಿ” ಅಂದರಂತೆ. ಭಾವ ಅದನ್ನು ಭಾರ ಎತ್ತುವ ವಿಷಯ ಅಂದುಕೊಂಡರು.

ಟೆಂಪೋದಲ್ಲಿ ಮಿಷನ್ನು ಹೇರಿದ ಮೇಲೆ ಕೂರಲು ಜಾಗವಿರಲಿಲ್ಲ. ಭಾವ ನಡೆದೇ ಹೊರಟರು. ಕತ್ತಲಾಗಿತ್ತು. ದಾರಿಯಲ್ಲಿ ಒಂದು ಹಾಳುಬಾವಿ. ಅದನ್ನು ದಾಟುವಾಗ ಹಿಂದೆ ಚಪ್ಪಲಿ ಸದ್ದು... ಚಪ್, ಚಪ್... ಚಪ್, ಚಪ್... ನಿಂತರು. ಅದೂ ನಿಂತಿತು. ನಡೆದರು. ಅದೂ ನಡೆಯಿತು. ಬೇರೆಯವರಾಗಿದ್ದರೆ ಓಡುತ್ತಿದ್ದರು. ಭಾವ ನಡಿಗೆ ನಿಧಾನ ಮಾಡಿದರು. ಜೊತೆಗೆ ಯಾರೋ ಬರುತ್ತಿದ್ದಾರಲ್ಲ, ಬರಲಿ ಅಂತ.

ರಿಪೇರಿಗೆ ಎರಡು ತಿಂಗಳು ಹಿಡಿಯಿತು. ಗ್ರೀಸು ಕಲ್ಲಾಗಿ ಹೋಗಿತ್ತು. ಸೀಮೆಎಣ್ಣೆ ಹಾಕಿ ನೆನೆಸಿ, ಕೆರೆದು, ತುಕ್ಕು ತಿಕ್ಕಿ, ಬೇರಿಂಗ್ ಬದಲಿಸಿದರು. ಚಕ್ರವನ್ನು ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ತಟ್ಟಿದರು. ಬಿರುಕಿದ್ದರೆ ‘ಠಪ್’ ಅನ್ನುತ್ತದೆ. ಇದು ‘ಠಣ್...’ ಅಂತು. ಚಾಲೂ ಮಾಡಿದರು.

ತೇಯುವ ಕೆಲಸದ ಕೊನೆಯಲ್ಲಿ ಒಂದು ಪದ್ಧತಿ ಇದೆ. ಚಕ್ರವನ್ನು ಇನ್ನು ಕೆಳಗೆ ಇಳಿಸಬಾರದು. ಕಿಡಿ ತಾನಾಗಿ ಆರುವ ತನಕ ಸುಮ್ಮನೆ ಮೇಜನ್ನು ಆಡಿಸುತ್ತಿರಬೇಕು. ಸರ್ರ್... ಸರ್ರ್... ಕಿಡಿ ಕಡಿಮೆಯಾಯಿತು. ಸದ್ದು ಸಣ್ಣಗಾಯಿತು. ಹುಸ್... ಹುಸ್... ಆಗ, ಕಿವಿಯ ಪಕ್ಕದಲ್ಲೇ, ಪಿಸುಮಾತು:

“ರೀ... ಸಾಕು.”

ಭಾವ ‘ಹೂಂ’ ಅಂದದ್ದು ಆಗಲೇ.

ಮಾರನೇ ದಿನ ನನ್ನನ್ನು ಕರೆಸಿದರು. “ನಿಮ್ಮಕ್ಕ ಬಂದಿದ್ದಾಳೆ ಕಣಯ್ಯ.”

“ಅಕ್ಕನ ಧ್ವನೀನೇನಾ ಭಾವ?”

“ಪಿಸುಮಾತಿಗೆ ಎಲ್ಲಿಯ ಧ್ವನಿ? ‘ರೀ’ ಅಂದಳು, ಸಾಲದಾ?”

“ಎಲ್ಲ ಹೆಂಡ್ತೀರೂ ‘ರೀ’ ಅನ್ನೋದೇ ಅಲ್ವಾ...”

ಭಾವನ ಮುಖ ಸಪ್ಪಗಾಯಿತು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಗಂಡನ ಹೆಸರು ಹಿಡಿಯದೆ ಒಂದೇ ಅಕ್ಷರದಲ್ಲಿ ಮುಗಿಸುವುದು ಬದುಕಿರುವಾಗ ಬಹಳ ಅನುಕೂಲ. ಸತ್ತ ಮೇಲೆ ಎಷ್ಟು ತೊಂದರೆ ಅಂತ ಯಾರೂ ಯೋಚಿಸಿದ ಹಾಗಿಲ್ಲ.

ಹತ್ತು ದಿನ ಅನುಮಾನದಲ್ಲಿ ಬೆಂದು, ಭಾವ ಮೇಸ್ತ್ರಿಯ ಮನೆಗೆ ಹೋದರು. ನಾನೂ ಹೋದೆ. ಎಲ್ಲ ಕೇಳಿಸಿಕೊಂಡ ಮೇಸ್ತ್ರಿ ಹತ್ತಿರ ಬಗ್ಗಿ ನಮ್ಮಿಬ್ಬರ ಮುಖವನ್ನೂ ನೋಡಿದರು.

“ನನಗೆ ಕಿಡಿ ಕಾಣ್ತಿರಲಿಲ್ಲ,” ಅಂದರು ಆಮೇಲೆ. “ನಮ್ಮವಳೇ ಪಕ್ಕ ನಿಂತು ನೋಡಿ ಹೇಳೋಳು... ಸಾಕು ಅಂತ. ಅವಳು ಹೋದ ಮೇಲೆ ಯಾವಾಗ ನಿಲ್ಲಿಸ್ಬೇಕು ಅಂತ ಗೊತ್ತಾಗ್ದೆ ಮಾರಿದೆ.” ಎದ್ದು ಅಂಗಿ ಹಾಕಿಕೊಂಡರು. “ನಡೀರಿ. ಅವಳನ್ನ ಕರ್ಕೊಂಡು ಬರ್ತೀನಿ.”

“ನಿಮ್ಮವರೇ ಅಂತ ಏನು ಗ್ಯಾರಂಟಿ?” ಭಾವ ರೇಗಿದರು. “ಶೆಡ್ಡು ನಂದು.”

“ಮಿಷನ್ನು ನಂದು.”

“ಮಾರಿದ್ದೀರಲ್ಲ ಮೇಸ್ತ್ರಿಗಳೇ!”

“ಮಾರಿದ್ದು ಮಿಷನ್ನು. ಅವಳನ್ನಲ್ಲ.”

ಭಾವ ಚಪ್ಪಲಿ ಮೆಟ್ಟಿ ಹೊರಟರು.

ಅವತ್ತೇ ಸಂಜೆ ಶೆಡ್ಡಿನಲ್ಲಿ ಮೂವರೂ ನಿಂತೆವು. ಭಾವ ಒಂದು ಕಬ್ಬಿಣದ ಪಟ್ಟಿ ಇಟ್ಟು ತೇಯತೊಡಗಿದರು. ಸರ್ರ್... ಸರ್ರ್... ಹುಸ್... ಹುಸ್... ಇಬ್ಬರು ಮುದುಕರೂ ಚಕ್ರದ ಕಡೆ ಕಿವಿ ಕೊಟ್ಟು ಬಾಗಿದ್ದರು.

“ರೀ... ಸಾಕು.”

ನನಗೂ ಕೇಳಿಸಿತು. ಯಾರ ಮೇಲೆ ಬೇಕಾದರೂ ಆಣೆ ಮಾಡುತ್ತೇನೆ.

“ಹೂಂ,” ಅಂದರು ಇಬ್ಬರೂ, ಒಟ್ಟಿಗೆ.

ಒಂದು ಕ್ಷಣ ಏನೂ ಇಲ್ಲ... ಆಮೇಲೆ, ಸ್ವಲ್ಪ ಸಿಡುಕಿನಿಂದ:

“ನಿಮಗಲ್ಲ ರೀ.”

ಯಾರಿಗೆ ಅಲ್ಲ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಭಾವ ಮೇಸ್ತ್ರಿಯನ್ನು ಕನಿಕರದಿಂದ ನೋಡಿದರು. ಮೇಸ್ತ್ರಿಯೂ ಭಾವನನ್ನು ಅಷ್ಟೇ ಕನಿಕರದಿಂದ ನೋಡಿದರು. ತಮ್ಮನಿಗಾದರೂ ಗೊತ್ತಾಗಬೇಡವೇ ಅಂತ ನೀವು ಕೇಳಬಹುದು. ನನ್ನನ್ನು ಅಕ್ಕ ‘ಲೋ’ ಅಂತ ಕರೆಯುತ್ತಿದ್ದಳು. ಆ ಸಂಜೆ ನಾನು ಕತ್ತಲಾದ ಮೇಲೂ ಒಂದು ಗಂಟೆ ಅಲ್ಲೇ ನಿಂತಿದ್ದೆ. ‘ಲೋ’ ಅಂತ ಯಾರೂ ಅನ್ನಲಿಲ್ಲ.

ಈಗ ಮೇಸ್ತ್ರಿ ದಿನಾ ಬರುತ್ತಾರೆ. ಶೆಡ್ಡಿನ ಬೀಗಕ್ಕೆ ಎರಡು ಕೀಲಿಕೈ ಮಾಡಿಸಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು. ರಾತ್ರಿ ಬೀಗ ಹಾಕುವುದು ಭಾವನೇ. ಬೆಳಿಗ್ಗೆ ಇಬ್ಬರಲ್ಲಿ ಯಾರು ಮೊದಲು ಹೋದರೂ ಬೀಗ ತೆಗೆದಿರುತ್ತದೆ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರುತ್ತದೆ. ನಾನೇ ಹೋಗಿ ತಳ್ಳಿ ನೋಡಿದ್ದೇನೆ. ಶೆಡ್ಡಿಗೆ ಬೇರೆ ಬಾಗಿಲಿಲ್ಲ, ಕಿಟಕಿಯೂ ಇಲ್ಲ.

ತಟ್ಟಿದರೆ ಒಳಗಿನಿಂದ ಚಿಲಕ ತೆರೆದುಕೊಳ್ಳುತ್ತದೆ.