ಬಯಲಿಗೆ ಅಂದಿದ್ದು

ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಲಿಂಗದಹಳ್ಳಿ ಬಸ್ಸಿಗೆ ಕಾಯುತ್ತಿದ್ದ ವಿದ್ಯಾಶ್ರೀಯ ಹಿಂದೆಯೇ ಜೀಪ್ ಡ್ರೈವರೊಬ್ಬ ಮುದುಕಿಯ ಚೀಲ ಹಿಡಿದು ನಿಂತು ಮಾತಾಡುತ್ತಿದ್ದ.

“ಈರಕ್ಕ, ನಿನ್ನೆ ನೀನು ‘ಬಯಲಿಗೆ ನಡಿ’ ಅನ್ನದೆ ಇದ್ದಿದ್ರೆ ಹೆಬ್ಬೆ ದಾರೀಲಿ ಆ ಮರ ನಮ್ಮ ಜೀಪಿನ ಮೇಲೇ ಬೀಳ್ತಿತ್ತು.”

“ಅಂಥ ಗಾಳೀಲಿ ಮರದ ಬುಡಕ್ಕೆ ನಿಲ್ಸಿದ್ಯಲ್ಲೋ ಹೊನ್ನೇಶ. ಮರ ಇಲ್ಲದ ಕಡೆ ಹೋದ್ರೆ ಉಳ್ಕೋತೀವಿ ಅಂತ ಕೂಗ್ದೆ.”

“ನಾನು ನಿನಗೆ ಹೊಟ್ಟೆ ಕೆಟ್ಟಿದೆ ಅಂದ್ಕೊಂಡು ಓಡಿಸ್ದೆ ಕಣಕ್ಕ.”

ವಿದ್ಯಾಶ್ರೀ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

“ಮರ ಬೀಳುತ್ತೆ ಅಂದಿದ್ರೆ?” ಈರಕ್ಕ ಕೇಳಿದಳು.

“ನಂಬ್ತಿರಲಿಲ್ಲ. ಅಲ್ಲೇ ಕೂತಿರ್ತಿದ್ದೆ.”

“ಹಿಂದಿನ ಸೀಟಲ್ಲಿ ನನ್ನ ಮೊಮ್ಮಗಳು ನಿದ್ದೆ ಮಾಡ್ತಿದ್ಲಲ್ಲೋ.”

ಬಸ್ಸು ಬಂತು. ಈರಕ್ಕ ಚೀಲ ಇಸಿದುಕೊಂಡು ಅವನ ತಲೆ ಸವರಿದಳು.

“ತಪ್ಪಾಗಿ ತಿಳ್ಕೊಂಡ್ಯಲ್ಲ, ನೂರು ಕಾಲ ಬಾಳು ಕಣಪ್ಪ,” ಎಂದು ಬಸ್ಸು ಹತ್ತಿದಳು.