ಮೊದಲ ಡಬ್ಬಿ ಯಾರದು

ನಿನ್ನೆ ಪೂಜೆ ಮುಗಿಸಿ ಏಳುತ್ತಿದ್ದೆ. ನಿಮ್ಮಲ್ಲೇ ಕೆಲವರು ಹಿರಿಯರು ಬಂದು ಕೂತರು. ಮುಖ ನೋಡಿದರೆ ಮನೆಯಲ್ಲಿ ಯಾರೋ ತೀರಿಕೊಂಡಂತೆ ಇತ್ತು. "ಏನಪ್ಪಾ, ಏನಾಯಿತು?" ಎಂದೆ. "ಅಜ್ಜಾರ, ನಮ್ಮ ಸರ್ಕಲ್‌ನ್ಯಾಗಿನ ಆ ದೊಡ್ಡ ಅಂಗಡಿ ಬಂದ್ ಆತ್ರಿ. ಇನ್ನ ನಮ್ಮ ಬಡಾವಣಿ ಕಥಿ ಮುಗೀತ್ರಿ" ಎಂದರು. ಬಡಾವಣೆಯ ಕಥೆ ಮುಗಿಯಿತಂತೆ! ನಾನೂ ಮಠದಲ್ಲೇ ಇದ್ದೇನೆ, ನೀವೂ ಇದ್ದೀರಿ, ನಳದಲ್ಲಿ ನೀರು ಬರುತ್ತಿದೆ. ಒಂದು ಶಟರ್ ಕೆಳಗೆ ಬಿದ್ದರೆ ಕಥೆ ಮುಗಿಯುತ್ತದೆಯೇ? "ನಾಳೆ ಪ್ರವಚನಕ್ಕೆ ಬನ್ನಿ, ಅಲ್ಲೇ ಉತ್ತರ ಕೊಡುತ್ತೇನೆ" ಎಂದೆ. ಬಂದಿದ್ದೀರಾ? ಬಂದಿದ್ದೀರಿ, ಕಾಣುತ್ತಿದ್ದೀರಿ. ಕಂಬಕ್ಕೆ ಒರಗಿ ಕೂತಿದ್ದೀರಿ. ದಯವಿಟ್ಟು ನಿದ್ದೆ ಮಾಡಬೇಡಿ, ಇವತ್ತಿನ ಕಥೆ ನಿಮಗೇ.

ಶ್ರೀಮಂತ ಒಬ್ಬ ಇದ್ದ. ಯಾವ ಊರಿನವನು ಎಂದು ಕೇಳಬೇಡಿ. ಅಂಥವರಿಗೆ ಒಂದು ಊರು ಅಂತ ಇರುವುದಿಲ್ಲ, ಎಲ್ಲಿ ವ್ಯಾಪಾರವೋ ಅದೇ ಊರು. ಅವನು ಒಂದು ಪಟ್ಟಣದ ಬಡಾವಣೆಗೆ ಬಂದು, ಹಾಳುಬಿದ್ದಿದ್ದ ಹತ್ತಿ ಜಿನ್ನಿಂಗ್ ಮಿಲ್ಲಿನ ಜಾಗ ಕೊಂಡು, ಅಲ್ಲೊಂದು ದೊಡ್ಡ ಅಂಗಡಿ ಕಟ್ಟಿದ. ಎಷ್ಟು ದೊಡ್ಡದು? ಸೂಜಿಯಿಂದ ಫ್ರಿಜ್‌ವರೆಗೆ ಎಲ್ಲವೂ ಒಂದೇ ಸೂರಿನ ಕೆಳಗೆ. ಒಳಗೆ ತಂಪು, ಮೇಲೆ ಹಾಡು, ಕೈಗೊಂದು ಟ್ರಾಲಿ. ಜನ ಸಾಮಾನು ಬೇಕಿರಲಿ ಬೇಡದಿರಲಿ, ಬಿಸಿಲು ಜಾಸ್ತಿಯಾಯಿತೆಂದರೆ ಒಳಗೆ ಹೋಗಿ ಒಂದು ಸುತ್ತು ಹಾಕುತ್ತಿದ್ದರು. ಉಪ್ಪು ತರಲು ಹೋದವರು ಬಕೆಟ್ಟು, ಚಾದರ, ಹೂವಿನ ಕುಂಡ ಹೊತ್ತು ಬರುತ್ತಿದ್ದರು. ಮನೆಗೆ ಬಂದ ಮೇಲೆ ನೋಡಿದರೆ ಉಪ್ಪೇ ಇಲ್ಲ! ನಗುತ್ತೀರಿ. ನಗಿ ನಗಿ, ನಿಮ್ಮ ಮನೆಯ ಬಕೆಟ್ಟು ಎಣಿಸಿಕೊಂಡು ನಗಿ.

ಅದೇ ಬಡಾವಣೆಯಲ್ಲಿ ಕಸ್ತೂರೆವ್ವ ಎಂಬ ಹೆಣ್ಣುಮಗಳು ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಂಡ ಹಾಕಿದ್ದ ಗಿರಣಿ. ಗಂಡ ತೀರಿಕೊಂಡ ಮೇಲೆ ತಾನೇ ಬೆಲ್ಟು ಏರಿಸಿ, ತಾನೇ ಜೋಳ ಸುರಿದು, ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡು ಬದುಕು ಸಾಗಿಸುತ್ತಿದ್ದಳು. ಇಡೀ ಬಡಾವಣೆಯ ಡಬ್ಬಿಗಳು ಅಲ್ಲಿ ಸಾಲಾಗಿ ಕೂರುತ್ತಿದ್ದವು. ಡಬ್ಬಿ ಸಾಲಿನಲ್ಲಿ ಇಟ್ಟವರು ಸುಮ್ಮನಿರುತ್ತಾರೆಯೇ? ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರಿಗೆ ಮೂರು ದಿನದಿಂದ ಜ್ವರ, ಯಾರ ಮನೆಯ ಸೊಸೆ ಮುನಿಸಿಕೊಂಡಿದ್ದಾಳೆ, ಎಲ್ಲ ಸುದ್ದಿಯೂ ಹಿಟ್ಟಿನ ಜೊತೆಗೇ ಮನೆಮನೆಗೆ ಹೋಗುತ್ತಿತ್ತು.

ಆ ಸಾಲಿನಲ್ಲಿ ನಿಂಬಕ್ಕ ಎಂಬ ಹಿರಿಯಳಿದ್ದಳು. ಎರಡಂತಸ್ತಿನ ಮನೆಯ ಯಜಮಾನಿ, ಬಲು ಚೊಕ್ಕ. ತೊಳೆದ ತಾಟನ್ನು ಮತ್ತೊಮ್ಮೆ ತೊಳೆದು ಉಣ್ಣುವವಳು. ಒಂದು ದಿನ ರೊಟ್ಟಿ ತಿನ್ನುವಾಗ ಹಲ್ಲಿಗೆ ಏನೋ ಕರ್ ಎಂದಿತು. ತೊಗೊಳ್ಳಿ! ನಡುಬೀದಿಯಲ್ಲಿ ನಿಂತು, "ಏ ಕಸ್ತೂರಿ, ನಿನ್ನ ಗಿರಣ್ಯಾಗ ಹಿಟ್ಟಿಗಿಂತ ಕಲ್ಲ ಹೆಚ್ಚ ಬರತಾವಲ್ಲ! ನಾ ಇನ್ನ ದೊಡ್ಡ ಅಂಗಡ್ಯಾಗ ಪಾಕೀಟ ಹಿಟ್ಟ ತರತೀನಿ" ಎಂದಳು. ನಿಂಬಕ್ಕನ ಬಾಯಿಂದ ಬಂದದ್ದು ಆ ಬೀದಿಗೆ ಹೈಕೋರ್ಟಿನ ಆರ್ಡರು. ಇವತ್ತು ಒಬ್ಬಳು, ನಾಳೆ ಇನ್ನೊಬ್ಬಳು, ಎಲ್ಲರೂ ಪಾಕೀಟಿಗೆ ಹೋದರು. ಗಿರಣಿ ನಿಂತಿತು.

ಗಿರಣಿ ನಿಂತರೆ ಹೊಟ್ಟೆ ನಿಲ್ಲುತ್ತದೆಯೇ? ಕಸ್ತೂರೆವ್ವ ಅದೇ ದೊಡ್ಡ ಅಂಗಡಿಗೆ ಕೆಲಸಕ್ಕೆ ಸೇರಿದಳು. ಯಾವ ಕೆಲಸ ಗೊತ್ತೇ? ಹಿಟ್ಟಿನ ಪಾಕೀಟು ಜೋಡಿಸುವ ಕೆಲಸ! ಶಿವನ ಲೀಲೆ ನೋಡಿ. ಒಂದು ಮಾತು ಹೇಳುತ್ತೇನೆ, ಆ ಶ್ರೀಮಂತನನ್ನು ನಾನು ಬೈಯುವುದಿಲ್ಲ. ಅವನು ಸಂಬಳ ಸರಿಯಾಗಿ ಕೊಟ್ಟ, ಬಡಾವಣೆಯ ಎಷ್ಟೋ ಮನೆಗಳ ಒಲೆ ಆ ಅಂಗಡಿಯಿಂದ ಉರಿಯಿತು. ಗಿರಣಿ ಬಿಟ್ಟು ಹೋದದ್ದು ಅವನಲ್ಲ, ಬೀದಿಯವರು.

ಹೀಗಿರುವಾಗ ಒಂದು ಬೆಳಿಗ್ಗೆ ಅಂಗಡಿಯ ಶಟರ್ ಏಳಲಿಲ್ಲ. ಲಾಭ ಸಾಲದಂತೆ. ಬೇರೆ ಊರಲ್ಲಿ ಬೇರೆಯದು ಕಟ್ಟುತ್ತಾನಂತೆ. ಹೋದ. ಅವನೇನೋ ಹೋದ, ಬಡಾವಣೆಗೆ ಏನಾಯಿತು? ಸಂಜೆಯಾದರೆ ಆ ಮೂಲೆಯಲ್ಲಿ ಹಬ್ಬದ ಹಾಗೆ ಬೆಳಕಿರುತ್ತಿತ್ತು, ಅದು ಆರಿತು. ಒಳಗಿದ್ದ ಔಷಧಿ ಅಂಗಡಿಯೂ ಹೋಯಿತು. ಆಟೋದವರು ನಿಲ್ಲುವುದು ಬಿಟ್ಟರು. ಸುತ್ತಲಿನ ಸಣ್ಣ ಅಂಗಡಿಗಳು ಮೊದಲೇ ಬಾಗಿಲು ಹಾಕಿದ್ದವು. ಪಾವುಕಿಲೋ ಸಕ್ಕರೆಗೆ ಬಸ್ಸು ಹತ್ತಬೇಕು. ಕಾಲಲ್ಲಿ ಶಕ್ತಿ ಇದ್ದವರು ಬಸ್ಸು ಹತ್ತಿದರು, ಫೋನು ಇದ್ದವರು ಫೋನಿನಲ್ಲಿ ತರಿಸಿದರು. ಎರಡೂ ಇಲ್ಲದವರು ಪಕ್ಕದ ಮನೆಯ ಬಾಗಿಲು ನೋಡಿದರು. ಅದು ಮುಚ್ಚಿತ್ತು. ತಟ್ಟೋಣವೆಂದರೆ, ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ಮರೆತುಹೋಗಿತ್ತು.

ಕಸ್ತೂರೆವ್ವನ ಕೆಲಸವೂ ಹೋಯಿತು. ಬೇರೆ ಊರಿನಿಂದ ಅಣ್ಣ ಬಂದ. "ಆ ಗಿರಣಿ ಗುಜರಿಗೆ ಹಾಕವಾ. ಮನಿ ಖಾಲಿ ಮಾಡಿ ನಮ್ಮ ಕಡೆ ಬಂದಬಿಡು. ಒಂದ ಮೂಲ್ಯಾಗ ಇರ್ತಿ, ನಾವು ಉಂಡಿದ್ದ ನೀನೂ ಉಣ್ಣು" ಎಂದ. ಪಾಪ, ಪ್ರೀತಿಯಿಂದಲೇ ಅಂದ. ಆದರೆ ತಾಯಂದಿರೇ, ನೀವು ಹೇಳಿ. ಸ್ವಂತ ಕೈಯಿಂದ ದುಡಿದು ಉಂಡ ಹೆಣ್ಣುಮಗಳಿಗೆ ಆ ಮೂಲೆ ಎಂಬ ಮಾತು ಹೇಗೆ ಕೇಳಿಸುತ್ತದೆ? "ಅಣ್ಣಾ, ಸೋಮವಾರ ಒಂದ ದಿನ ಗಿರಣಿ ಚಾಲೂ ಮಾಡಿ ನೋಡತೀನಿ. ಮಂದಿ ಬರಲಿಲ್ಲಂದ್ರ ನೀ ಹೇಳಿದಾಂಗ ಆಗಲಿ" ಎಂದಳು. ಅಣ್ಣ ಒಪ್ಪಿದ. ಒಪ್ಪಿ, ಸೋಮವಾರಕ್ಕೇ ಗುಜರಿಯವನಿಗೂ ಬಾ ಎಂದು ಹೇಳಿಟ್ಟ!

ಈಗ ಒಂದು ವಿಷಯ ಕೇಳಿ. ಗಿರಣಿಗೆ ಹೋದವರಿಗೆ ಗೊತ್ತು, ಪಾಕೀಟಿನವರಿಗೆ ಗೊತ್ತಿರಲಿಕ್ಕಿಲ್ಲ. ಬಹಳ ದಿನ ನಿಂತ ಗಿರಣಿಯ ಕಲ್ಲಿಗೆ ಹೊಸದಾಗಿ ಉಳಿ ಹೊಡೆಸಿ ಗೀರು ಮಾಡಿಸಬೇಕು. ಇಲ್ಲದಿದ್ದರೆ ಕಾಳು ಜಾರುತ್ತದೆ, ಹಿಟ್ಟಾಗುವುದಿಲ್ಲ. ಉಳಿ ಹೊಡೆಸಿದ ಕಲ್ಲು ಮೊದಮೊದಲು ಪುಡಿ ಬಿಡುತ್ತದೆ. ಕಸ್ತೂರೆವ್ವ ಉಳಿ ಹೊಡೆಸಿ, ಮನೆಯಲ್ಲಿದ್ದ ಜೋಳವನ್ನೇ ಸುರಿದು, ಬೀಸಿ, ಆ ಹಿಟ್ಟನ್ನು ಚೆಲ್ಲಿದಳು. ಮತ್ತೊಮ್ಮೆ ಬೀಸಿ ಚೆಲ್ಲಿದಳು. ಮನೆಯ ಜೋಳ ಮುಗಿಯಿತು. ಆದರೂ ಮೊದಲ ಗಿರಾಕಿಯ ಹಿಟ್ಟಿನಲ್ಲಿ ಒಂದಿಷ್ಟು ಕರಕರ ಉಳಿದೇ ಇರುತ್ತದೆ. ಅದನ್ನು ಯಾರಾದರೂ ಒಬ್ಬರು ತಿನ್ನಲೇಬೇಕು. ಆಮೇಲೆ ಬಂದವರಿಗೆಲ್ಲ ಚೊಕ್ಕ ಹಿಟ್ಟು.

ಸೋಮವಾರ ಬಂತು. ಜನ ಬಂದರೇ? ಬಂದರು! ಎಲ್ಲರಿಗೂ ಗಿರಣಿ ಬೇಕಾಗಿತ್ತು. ಬಸ್ಸು ಹತ್ತಿ ಹತ್ತಿ ಸಾಕಾಗಿತ್ತು. ಕೈಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಜೋಳ. ಬಂದರು, ನಿಂತರು. ಎಲ್ಲಿ ನಿಂತರು? ಬಾಗಿಲಿನಿಂದ ಎರಡು ಮಾರು ಆಚೆ.

"ನೀವ ಮುಂದ ಆಗ್ರಿ" ಎಂದಳು ಒಬ್ಬಳು.

"ಅಯ್ಯ, ನನಗೇನ ಗಡಿಬಿಡಿ ಇಲ್ರಿ. ನೀವ ಹಾಕಸ್ರಿ" ಎಂದಳು ಇನ್ನೊಬ್ಬಳು.

"ಹಿರ್ಯಾರ ಇದ್ದಾಗ ನಾವ ಹೆಂಗ ಮುಂದ ಹೋಗೋದ್ರಿ?" ಎಂದ ಲುಂಗಿ ಉಟ್ಟ ಗಂಡಸು.

ಆಹಾ! ಏನು ವಿನಯ, ಏನು ಮರ್ಯಾದೆ! ಇದೇ ಜನ ಮೊದಲು ಸಾಲಿಗಾಗಿ ಜಡೆ ಹಿಡಿದು ಜಗಳವಾಡುತ್ತಿದ್ದವರು. ಇವತ್ತು ಒಬ್ಬರಿಗಿಂತ ಒಬ್ಬರು ಸಂಭಾವಿತರು. ಯಾಕೆ? ಮೊದಲ ಹಿಟ್ಟಿನ ಕಲ್ಲು ಯಾರಿಗೂ ಬೇಡ. ಬಾಯಲ್ಲಿ ವಿನಯ, ಹೊಟ್ಟೆಯಲ್ಲಿ ಲೆಕ್ಕ. ಕೆಟ್ಟವರೇನಲ್ಲ, ಎಲ್ಲರೂ ಒಳ್ಳೆಯವರೇ. ಎಲ್ಲರಿಗೂ ಕಸ್ತೂರೆವ್ವ ಉಳಿಯಬೇಕು, ಗಿರಣಿ ಉಳಿಯಬೇಕು. ಬೇರೆ ಯಾರಾದರೂ ಮೊದಲು ಹಾಕಿಸಿದ ಮೇಲೆ ಉಳಿಯಬೇಕು!

ಬಿಸಿಲು ಏರಿತು. ಗುಜರಿ ಟೆಂಪೊ ಬಂದು ಓಣಿಯ ಬಾಯಲ್ಲಿ ನಿಂತಿತು. ಹಗ್ಗ ಹಿಡಿದುಕೊಂಡು ಗುಜರಿಯವನು ಇಳಿದ. ಗಿರಣಿ ಗಡಗಡ ಎಂದು ಬರಿಬಾಯಿಯಲ್ಲಿ ತಿರುಗುತ್ತಿತ್ತು. ಕಸ್ತೂರೆವ್ವ ಹೊರಗೆ ನೋಡಿದಳು. ಡಬ್ಬಿಗಳು ಕಂಡವು, ಜನ ಕಂಡರು, ಟೆಂಪೊ ಕಂಡಿತು. ಆಕೆ ಯಾರಿಗೂ ಕೈಮುಗಿಯಲಿಲ್ಲ, ಯಾರನ್ನೂ ಬೈಯಲಿಲ್ಲ.

"ಕಾಳಿಲ್ಲದ ತಿರುಗಿಸಿದ್ರ ಕಲ್ಲಿಗೆ ಕಲ್ಲ ತಿಕ್ಕಿ ಹಾಳಾಗ್ತಾವ್ರೀ. ಬಂದ್ ಮಾಡತೀನಿ. ನಿಮ್ಮನ್ನ ಬಿಸಲಾಗ ನಿಲ್ಲಿಸಿದೆ, ತಪ್ಪ ತಿಳಕೋಬ್ಯಾಡ್ರಿ" ಎಂದು ಸ್ವಿಚ್ಚಿಗೆ ಕೈ ಹಾಕಿದಳು.

ಆ ಗುಂಪಿನಲ್ಲಿ ನಿಂಬಕ್ಕನೂ ಇದ್ದಳು. ಆಕೆಯೂ ಅಷ್ಟು ಹೊತ್ತು "ನೀವ ಮುಂದ ಆಗ್ರಿ" ಅನ್ನುತ್ತಲೇ ಇದ್ದಳು, ಸುಳ್ಳು ಯಾಕೆ ಹೇಳಲಿ. ಆದರೆ ಈ ಗಿರಣಿ ಬಿಟ್ಟು ಮೊದಲು ಹೋದವಳು ತಾನು, ತನ್ನ ಹಿಂದೆಯೇ ಬೀದಿ ಹೋಯಿತು ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆಕೆ ಗುಜರಿಯವನ ಕೈಯಲ್ಲಿದ್ದ ಹಗ್ಗ ನೋಡಿದಳು.

"ಸರಕೊಳ್ರಿ ಅತ್ಲಾಗ!" ಎಂದು ಎಲ್ಲರನ್ನೂ ಸರಿಸಿ ಒಳಗೆ ನುಗ್ಗಿದಳು. "ಕಸ್ತೂರಿ, ಕೈ ತೆಗಿ!" ಎಂದವಳೇ ತನ್ನ ಡಬ್ಬಿ ಎತ್ತಿ ಗಿರಣಿಯ ಬಾಯಿಗೆ ಸುರಿದಳು.

ಗಿರಣಿಯ ಸದ್ದು ಬದಲಾಯಿತು. ಕಾಳು ಸಿಕ್ಕ ಕಲ್ಲಿನ ಸದ್ದೇ ಬೇರೆ. ಬೆಚ್ಚಗಿನ ಹಿಟ್ಟು ಬಿತ್ತು. ನಿಂಬಕ್ಕ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. ಎಲ್ಲರೂ ಕುತ್ತಿಗೆ ಉದ್ದ ಮಾಡಿ ಆಕೆಯ ಬಾಯಿಯನ್ನೇ ನೋಡುತ್ತಿದ್ದಾರೆ. ಕರ್ ಎಂದಿತು. ಹೊರಗಿನವರಿಗೂ ಕೇಳಿಸಿತು.

"ಅಕ್ಕಾರ, ಕಲ್ಲ ಐತೇನ್ರಿ?"

ಈಗ ಆಕೆ "ಇಲ್ಲ" ಎನ್ನಬಹುದಿತ್ತು. ಅನ್ನಲಿಲ್ಲ. "ಐತಿ" ಎಂದಳು. "ಐತಿ, ಇಲ್ಲಂತ ಯಾಕ ಹೇಳ್ಲಿ? ಇದು ನನ್ನ ಪಾಲಿಂದು, ನಾ ತಿಂತೀನಿ. ಇನ್ನ ನಿಮಗ ಚೊಕ್ಕ ಹಿಟ್ಟ ಬರತೈತಿ. ತರ್ರಿ ಡಬ್ಬಿ!"

ಆಮೇಲೆ ನೋಡಿ ಮಜಾ! "ನಂದು ಮೊದಲ." "ಅದ್ಹೆಂಗ, ನಾ ಮುಂಜಾನಿಂದ ನಿಂತೀನಿ." "ಏ, ನನ್ನ ಡಬ್ಬಿ ಯಾಕ ಸರಿಸಿದಿ?" ಜಗಳವೋ ಜಗಳ! ಕಸ್ತೂರೆವ್ವನ ಕಣ್ಣಲ್ಲಿ ನೀರು ಬಂತು. ಕೇಳಿದರೆ, "ಕಣ್ಣಾಗ ಹಿಟ್ಟ ಹೋತ್ರಿ" ಎಂದಳು. ಗುಜರಿಯವನು ಎಷ್ಟೋ ಹೊತ್ತು ನಿಂತ. ಕೊನೆಗೆ ನಿಂತು ಬೇಸರವಾಗಿ ತಾನೇ ಡಬ್ಬಿ ಎತ್ತಿಕೊಡಲು ಶುರುಮಾಡಿದ. ಟೆಂಪೊ ಖಾಲಿಯೇ ಹೋಯಿತು. ಅಣ್ಣ ಸಂಜೆ ಬಂದು ನೋಡಿದ, ಒಳಗೆ ಹೋಗಲು ಜಾಗವಿರಲಿಲ್ಲ. ಹೊರಗೇ ಕೂತು ಚಹಾ ಕುಡಿದು, ಸಮಾಧಾನದಿಂದ ಊರಿಗೆ ಹೋದ.

ಮುಂದೆ? ಡಬ್ಬಿ ಇಟ್ಟು ಕಾಯುವವರು ಇದ್ದಾರೆಂದು ಒಬ್ಬಳು ಸೊಪ್ಪಿನ ಬುಟ್ಟಿ ಇಟ್ಟಳು. ಸೊಪ್ಪಿನ ಪಕ್ಕ ಚಹಾದವನು ಬಂದ. ಚಹಾಕ್ಕೆಂದು ಆಟೋದವರು ನಿಂತರು. ಮುಚ್ಚಿದ ದೊಡ್ಡ ಅಂಗಡಿಯ ಮೆಟ್ಟಿಲ ಮೇಲೆ ತರಕಾರಿಯ ಹೆಣ್ಣುಮಕ್ಕಳು ನೆರಳಿಗೆ ಕೂತರು. ಮೊದಲು ಅವರನ್ನು ಎಬ್ಬಿಸಿ ಓಡಿಸುತ್ತಿದ್ದ ಆ ಅಂಗಡಿಯ ಕಾವಲುಗಾರನೇ ಈಗ ಮೆಟ್ಟಿಲಿಗೆ ಅಡ್ಡ ಕಟ್ಟಿದ್ದ ಸರಪಳಿ ಬಿಚ್ಚಿ, "ಕುಂದರ್ರಿ, ಬಿಸಲ ಐತಿ" ಎಂದ. ಸಂಜೆಯ ಹೊತ್ತಿಗೆ ಆ ಮೂಲೆಯಲ್ಲಿ ಮತ್ತೆ ಬೆಳಕು. ಮೊದಲಿನಷ್ಟು ಝಗಝಗ ಇರಲಿಲ್ಲ. ಆದರೆ ಎದುರಿಗೆ ನಿಂತವರ ಮುಖ ಕಾಣುವಷ್ಟು ಇತ್ತು, ಹೆಸರು ಹಿಡಿದು ಕರೆಯುವಷ್ಟು ಇತ್ತು.

ಕಥೆ ಮುಗಿಯಿತು. ಈಗ ನಿಮ್ಮ ಸರದಿ. ಫೋನು ಒಳಗಿಡಿ ತಮ್ಮಾ, ಅದರಲ್ಲಿ ಹಿಟ್ಟು ಬರಬಹುದು, ಆದರೆ ಪಕ್ಕದ ಮನೆಯವರಿಗೆ ಜ್ವರ ಬಂದಿದೆ ಎಂದು ಅದು ಹೇಳುತ್ತದೆಯೇ?

ನಿನ್ನೆ ಬಂದವರು ನನ್ನನ್ನು ಕೇಳಿದ್ದು ಏನು? "ಮಂತ್ರಿಗಳಿಗೆ ಒಂದ ಮಾತ ಹೇಳ್ರಿ ಅಜ್ಜಾರ, ಇನ್ನೊಂದು ದೊಡ್ಡ ಅಂಗಡಿ ತರಸ್ರಿ." ಅಂದರೆ ಏನು? "ನೀವ ಮುಂದ ಆಗ್ರಿ" ಅಂದ ಹಾಗೆ! ಮಂತ್ರಿ ಮುಂದಾಗಲಿ, ಮಠ ಮುಂದಾಗಲಿ, ನಾವು ಡಬ್ಬಿ ಹಿಡಿದು ಹಿಂದೆ ನಿಲ್ಲುತ್ತೇವೆ. ಮನೆಯಲ್ಲೂ ಇದೇ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದೀರಿ, ಇಬ್ಬರಿಗೂ ಮಾತಾಡುವ ಆಸೆ ಇದೆ, ಅವನೇ ಮೊದಲು ಮಾತಾಡಲಿ ಎನ್ನುತ್ತೀರಿ. ಮೊದಲು ಮಾತಾಡಿದವನ ಹಲ್ಲಿಗೆ ಒಂದು ಕಲ್ಲು ಸಿಗುತ್ತದೆ, ನಿಜ. ಸಿಗಲಿ ಬಿಡಿ! ಒಂದು ರೊಟ್ಟಿಯಲ್ಲಿ ಒಂದು ಕಲ್ಲು ಕಡಿದರೆ ಯಾರೂ ಸಾಯುವುದಿಲ್ಲ. ಯಾರೂ ಕಡಿಯದಿದ್ದರೆ ಗಿರಣಿ ಗುಜರಿಗೆ ಹೋಗುತ್ತದೆ.

ಹಾಗಾದರೆ ನಾಳೆಯಿಂದ ಏನು ಮಾಡಬೇಕು? ದೊಡ್ಡ ವ್ರತವೇನೂ ಬೇಡ. ನಿಮ್ಮ ಬೀದಿಯಲ್ಲಿ ಯಾರಾದರೂ ಹೊಸದಾಗಿ ಬಾಗಿಲು ತೆರೆದರೆ, ಅಲ್ಲಿ ಮೊದಲ ಗಿರಾಕಿ ನೀವಾಗಿ. ಮೊದಲ ದಿನ ಟೇಲರ್ ಹೊಲಿದ ಕುಪ್ಪಸ ಒಂದಿಷ್ಟು ಬಿಗಿ ಬಂದೀತು. ಬೀದಿಯಲ್ಲಿ ನಿಂತು ಕೂಗಬೇಡಿ. ಒಳಗೆ ಹೋಗಿ ಮೆಲ್ಲಗೆ ಹೇಳಿ, ಮತ್ತೆ ಹೋಗಿ. ಅಂಗಡಿಯವರ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ. ಇಷ್ಟೇ.

ಇನ್ನೊಂದು ಮಾತಿದೆ. ಹಿಂದಿನ ಸಾಲಿನಲ್ಲಿ ಇಬ್ಬರು ಹೆಣ್ಣುಮಕ್ಕಳು ತಲೆ ತಗ್ಗಿಸಿ ಕೂತಿದ್ದಾರೆ. ತಿರುಗಿ ನೋಡಿ, ಪರವಾಗಿಲ್ಲ. ನಮ್ಮ ಸರ್ಕಲ್ಲಿನ ಅಂಗಡಿ ಮುಚ್ಚಿದಾಗ ಕೆಲಸ ಕಳೆದುಕೊಂಡವರು. ಮಠದ ಬಾಜೂ ಇರುವ ಕೋಣೆಯಲ್ಲಿ ನಾಳೆ ಮುಂಜಾನೆಯಿಂದ ರೊಟ್ಟಿ ಮಾಡಿ ಮಾರುತ್ತಾರೆ. ಹೊಸ ಒಲೆ, ಹೊಸ ಹಂಚು, ಕೈಗೂ ಹೊಸದು. ಮೊದಲ ರೊಟ್ಟಿ ಒಂದು ಕಡೆ ಸೀದಿರಬಹುದು, ಒಂದು ಕಡೆ ಹಸಿ ಇರಬಹುದು. ಹೆದರಬೇಡಿ, ಅದು ಈ ಸ್ವಾಮಿಯ ಪಾಲಿನದು. ನಾಳೆ ಎಲ್ಲರಿಗಿಂತ ಮೊದಲು ಆ ಬಾಗಿಲಲ್ಲಿ ನಾನು ತಾಟು ಹಿಡಿದು ನಿಂತಿರುತ್ತೇನೆ.

ನನ್ನ ಹಿಂದೆ ಸಾಲು ಹಚ್ಚಿ. ಬೇಕಾದರೆ ಜಗಳವನ್ನೂ ಆಡಿ.